ಡಿಸ್ಕ್ ಕಾಣುತ್ತಿಲ್ಲ, ಅಥವಾ ಬೇರೆ ಹೆಸರಲ್ಲಿ ಕಾಣುತ್ತಿದೆ: ಪಿಡಿಪಿ-11 ಮತ್ತು ಮೈಕ್ರೊವ್ಯಾಕ್ಸ್‌ಗಳಲ್ಲಿ ಎಲ್ಲಿಂದ ಹುಡುಕಬೇಕು

ಡಿಇಸಿ (ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್) ಕಂಪನಿಯ ಹಳೆಯ ಕಂಪ್ಯೂಟರ್ ಪಿಡಿಪಿ-11 ಒಂದಕ್ಕೆ ಕಷ್ಟಪಟ್ಟು ಜೀವ ಕೊಟ್ಟಿದ್ದೀರಿ. ಪವರ್ ಸಪ್ಲೈ ಸರಿಯಿದೆ, ಕನ್ಸೋಲ್‌ನಲ್ಲಿ @ ಚಿಹ್ನೆಯೂ ಬಂತು. ಬೂಟ್ ಮಾಡಲು ಹೋದರೆ ಮಾತ್ರ ಡಿಸ್ಕ್ ಇಲ್ಲ ಅನ್ನುತ್ತದೆ. ಡ್ರೈವ್ ಕಣ್ಣೆದುರೇ ಇದೆ, ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಆದರೂ ಯಂತ್ರದ ಪಾಲಿಗೆ ಅದು ಇಲ್ಲವೇ ಇಲ್ಲ. ಇಂಥ ಹೊತ್ತಲ್ಲಿ ಡ್ರೈವೇ ಕೆಟ್ಟಿದೆ ಅಂದುಕೊಂಡು ಸ್ಕ್ರೂ ಬಿಚ್ಚಲು ಕೂರುವವರು ಜಾಸ್ತಿ. ದಯವಿಟ್ಟು ಹಾಗೆ ಮಾಡಬೇಡಿ. ನಾನು ನೋಡಿದ ಇಂಥ ತೊಂದರೆಗಳಲ್ಲಿ ಹೆಚ್ಚಿನವು ಡ್ರೈವಿನ ಒಳಗೆ ಇರಲೇ ಇಲ್ಲ.

ಇವತ್ತಿನ ಡಿಸ್ಕನ್ನು ನೀನ್ಯಾರು ಅಂತ ಕೇಳಿದರೆ ಮಾದರಿ, ಗಾತ್ರ, ಸೀರಿಯಲ್ ನಂಬರ್ ಎಲ್ಲವನ್ನೂ ಒಪ್ಪಿಸಿಬಿಡುತ್ತದೆ. 1970 ಮತ್ತು 80ರ ದಶಕದ ಡ್ರೈವ್‌ಗಳಲ್ಲಿ ಬಹಳಷ್ಟಕ್ಕೆ ಅದು ಬರುವುದಿಲ್ಲ. ಅವುಗಳ ಗುರುತು ನಾಲ್ಕು ಕಡೆ ಹಂಚಿಹೋಗಿರುತ್ತದೆ. ಸ್ವಲ್ಪ ಭಾಗ ಮುಂಭಾಗದ ಪ್ಲಾಸ್ಟಿಕ್ ಪ್ಲಗ್‌ನಲ್ಲಿ ಅಥವಾ ಜಂಪರ್‌ನಲ್ಲಿ (ಪಿನ್‌ಗಳನ್ನು ಸೇರಿಸುವ ಪುಟ್ಟ ಕೊಂಡಿಯಲ್ಲಿ), ಸ್ವಲ್ಪ ಕೇಬಲ್‌ನಲ್ಲಿ, ಸ್ವಲ್ಪ ಡ್ರೈವನ್ನು ನಡೆಸುವ ಕಂಟ್ರೋಲರ್ ಕಾರ್ಡಿನ ವಿಳಾಸದಲ್ಲಿ, ಉಳಿದದ್ದು ಆಪರೇಟಿಂಗ್ ಸಿಸ್ಟಂ ಇಟ್ಟುಕೊಂಡ ಹೆಸರಿನಲ್ಲಿ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಡಿಸ್ಕ್ ಕಾಣೆಯಾಗುತ್ತದೆ, ಇಲ್ಲವೇ ಬೇರೆ ಯಾರದೋ ಹೆಸರು ಹೊತ್ತು ಬರುತ್ತದೆ. ಅದಕ್ಕೇ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಪ್ಲಗ್ ನೋಡದೆ ಆಪರೇಟಿಂಗ್ ಸಿಸ್ಟಂ ಜೊತೆ ಗುದ್ದಾಡಿದರೆ ಇಡೀ ಭಾನುವಾರ ಹೋಗುತ್ತದೆ.

ಇಲ್ಲಿ ಪಿಡಿಪಿ-11, ಮೈಕ್ರೊವ್ಯಾಕ್ಸ್‌ನಂಥ ಡಿಇಸಿ ಯಂತ್ರಗಳನ್ನೇ ಹಿಡಿದು ಬರೆಯುತ್ತಿದ್ದೇನೆ. ಅದರಲ್ಲೂ ಆರ್‌ಎಲ್01 ಮತ್ತು ಆರ್‌ಎಲ್02 ಡ್ರೈವ್‌ಗಳ ಬಗ್ಗೆ ಜಾಸ್ತಿ, ಯಾಕೆಂದರೆ ಗುರುತಿನ ಕಥೆ ಅವುಗಳಲ್ಲಿ ಕೈಗೆ ಸಿಗುವಷ್ಟು ಸ್ಪಷ್ಟವಾಗಿದೆ. ಒಮ್ಮೆ ಇದು ಅರ್ಥವಾದರೆ ಉಳಿದವು ಸುಲಭ.

ಹೆಜ್ಜೆ 1: ಪವರ್ ಹಾಕುವ ಮೊದಲು ಬರೆದುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಕಾರ್ಡಿನ ಹಿಡಿಕೆಯ ಮೇಲೆ ಎಂ ಅಕ್ಷರದಿಂದ ಶುರುವಾಗುವ ಒಂದು ನಂಬರ್ ಅಚ್ಚಾಗಿರುತ್ತದೆ. ಕಾರ್ಡಿನ ನಿಜವಾದ ಹೆಸರು ಅದೇ. ಯೂನಿಬಸ್, ಕ್ಯೂ-ಬಸ್ ಅಂದರೆ ಕಾರ್ಡ್‌ಗಳು ಪರಸ್ಪರ ಮಾತಾಡುವ ಎರಡು ಬಗೆಯ ಬಸ್‌ಗಳು. ಎಂ7762 ಅಂದರೆ ಯೂನಿಬಸ್‌ನ ಆರ್‌ಎಲ್11 ಕಂಟ್ರೋಲರ್. ಎಂ8013 ಮತ್ತು ಎಂ8014 ಜೋಡಿ ಕಂಡರೆ ಕ್ಯೂ-ಬಸ್‌ನ ಆರ್‌ಎಲ್‌ವಿ11. ಎಂ8061 ಅಂದರೆ ಆರ್‌ಎಲ್‌ವಿ12. ಎಂ7555 ಆದರೆ ಆರ್‌ಡಿ ಸರಣಿಯ ಡ್ರೈವ್‌ಗಳ ಕಂಟ್ರೋಲರ್ ಆರ್‌ಕ್ಯೂಡಿಎಕ್ಸ್3. ಯಾವ ಸ್ಲಾಟ್‌ನಲ್ಲಿ ಯಾವುದಿದೆ, ಖಾಲಿ ಸ್ಲಾಟ್ ಎಲ್ಲಿದೆ, ಜಂಪರ್ ಮತ್ತು ಸ್ವಿಚ್‌ಗಳು ಹೇಗಿವೆ, ಎಲ್ಲದರ ಫೋಟೊ ತೆಗೆದಿಡಿ. ಆಮೇಲೆ ಏನೇ ಅದಲು ಬದಲು ಮಾಡಿದರೂ ಮೊದಲು ಹೇಗಿತ್ತು ಅಂತ ತಿಳಿಯಲು ಆ ಫೋಟೊ ಬಿಟ್ಟರೆ ಬೇರೆ ದಾರಿ ಇರುವುದಿಲ್ಲ.

ಖಾಲಿ ಸ್ಲಾಟ್ ಬಗ್ಗೆ ಯಾಕೆ ಅಂದರೆ, ಕ್ಯೂ-ಬಸ್‌ನಲ್ಲಿ ಇಂಟರಪ್ಟ್ (ಪ್ರೊಸೆಸರ್‌ನ ಗಮನ ಸೆಳೆಯುವುದು) ಮತ್ತು ಡಿಎಂಎ (ಮೆಮೊರಿಗೆ ನೇರವಾಗಿ ಡೇಟಾ ಸಾಗಿಸುವುದು) ಅನುಮತಿಯ ಸಿಗ್ನಲ್ ಒಂದು ಕಾರ್ಡಿನಿಂದ ಮುಂದಿನ ಕಾರ್ಡಿಗೆ ಕೈಯಿಂದ ಕೈಗೆ ಸಾಗುತ್ತದೆ. ನಡುವೆ ಒಂದು ಜಾಗ ಖಾಲಿ ಬಿಟ್ಟರೆ ಅದರಾಚೆಯ ಕಂಟ್ರೋಲರ್‌ಗೆ ಅನುಮತಿ ತಲುಪುವುದೇ ಇಲ್ಲ. ತಮಾಷೆ ಏನೆಂದರೆ ಆ ಕಂಟ್ರೋಲರ್‌ನ ರಿಜಿಸ್ಟರ್‌ಗಳನ್ನು (ಆಜ್ಞೆ, ಉತ್ತರ ಇಡುವ ಪುಟ್ಟ ಜಾಗಗಳನ್ನು) ಓದಬಹುದು, ಬರೆಯಬಹುದು, ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ಆದರೆ ಡೇಟಾ ಬರುವುದಿಲ್ಲ, ಸಿಸ್ಟಂ ಸುಮ್ನೆ ನಿಂತುಬಿಡುತ್ತದೆ. ಖಾಲಿ ಜಾಗಕ್ಕೆ ಎಂ9047 ಗ್ರಾಂಟ್ ಕಾರ್ಡ್ ಹಾಕಿ, ಅಥವಾ ಕಾರ್ಡ್‌ಗಳನ್ನು ಒತ್ತಾಗಿ ಜೋಡಿಸಿ. ಯೂನಿಬಸ್‌ನಲ್ಲೂ ಇದೇ ಮಾತು, ಖಾಲಿ ಸ್ಲಾಟಿಗೆ ಜಿ727 ಗ್ರಾಂಟ್ ಕಾರ್ಡ್ ಬೇಕು. ಅಲ್ಲಿ ಇನ್ನೊಂದು ತೊಡಕು ಇದೆ. ಬ್ಯಾಕ್‌ಪ್ಲೇನ್‌ನಲ್ಲಿ (ಕಾರ್ಡ್‌ಗಳು ಕೂರುವ ಹಲಗೆಯಲ್ಲಿ) ಸಿಎ1 ಮತ್ತು ಸಿಬಿ1 ಪಿನ್‌ಗಳ ನಡುವೆ ಒಂದು ತಂತಿ ಇರುತ್ತದೆ. ಡಿಎಂಎ ಮಾಡುವ ಕಾರ್ಡ್ ಕೂರುವ ಸ್ಲಾಟ್‌ನಲ್ಲಿ ಆ ತಂತಿ ಇರಬಾರದು, ಕಾರ್ಡ್ ತೆಗೆದ ಮೇಲೆ ಮತ್ತೆ ಹಾಕಲೇಬೇಕು. ಯಾರೋ ಯಾವತ್ತೋ ಕಾರ್ಡ್ ತೆಗೆದು ತಂತಿ ಹಾಕುವುದನ್ನು ಮರೆತಿರಬಹುದು.

ಆರ್‌ಎಲ್‌ವಿ11ರ ಎರಡು ಕಾರ್ಡ್‌ಗಳು ಬ್ಯಾಕ್‌ಪ್ಲೇನ್‌ನ ಸಿ ಮತ್ತು ಡಿ ಸಾಲಿನ ಮೂಲಕವೇ ಪರಸ್ಪರ ಮಾತಾಡುತ್ತವೆ. ಹಾಗಾಗಿ ಆ ಜೋಡಣೆ ಇರುವ ಬ್ಯಾಕ್‌ಪ್ಲೇನ್‌ನಲ್ಲಿ ಅಕ್ಕಪಕ್ಕವೇ ಕೂರಬೇಕು. ಆರ್‌ಕ್ಯೂಡಿಎಕ್ಸ್1 ಇದ್ದರೆ ಅದು ಬಸ್‌ನ ಕೊನೆಯಲ್ಲೇ ಇರಲಿ. ಅನುಮತಿಯನ್ನು ಅದು ಮುಂದಕ್ಕೆ ದಾಟಿಸುವುದಿಲ್ಲ.

ಹೆಜ್ಜೆ 2: ಪ್ಲಗ್, ಕೇಬಲ್, ಟರ್ಮಿನೇಟರ್

ಆರ್‌ಎಲ್02 ಮುಂಭಾಗದಲ್ಲಿ ನಾಲ್ಕು ದೀಪಗಳಿವೆ: ಲೋಡ್, ರೆಡಿ, ಫಾಲ್ಟ್, ರೈಟ್ ಪ್ರೊಟೆಕ್ಟ್. ರೆಡಿ ದೀಪದ ಮೇಲೆ 0 ಅಥವಾ 1 ಅಂತ ಬರೆದಿರುವ ಪ್ಲಾಸ್ಟಿಕ್ ಮುಚ್ಚಳ ಕಂಡಿರಬೇಕಲ್ವಾ? ಅದು ಬರೀ ಮುಚ್ಚಳ ಅಲ್ಲ. ಅದನ್ನು ನಿಧಾನವಾಗಿ ನೇರ ಹೊರಗೆ ಎಳೆದು ನೋಡಿ. ಹಿಂಭಾಗದಲ್ಲಿ ಉಬ್ಬುತಗ್ಗುಗಳಿವೆ. ಒಳಗೆ ತಳ್ಳಿದಾಗ ಈ ಉಬ್ಬುಗಳು ಪುಟ್ಟ ಸ್ವಿಚ್‌ಗಳನ್ನು ಒತ್ತುತ್ತವೆ, ಆ ಸ್ವಿಚ್‌ಗಳು ಬೈನರಿಯಲ್ಲಿ ಡ್ರೈವಿಗೆ ನಂಬರ್ ಹೇಳುತ್ತವೆ. ಒಂದು ಕಂಟ್ರೋಲರಿಗೆ ನಾಲ್ಕು ಡ್ರೈವ್, ನಂಬರ್ 0ರಿಂದ 3ರವರೆಗೆ. ಅಂದರೆ ಡ್ರೈವಿನ ಗುರುತು ಅಂಗಿ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ಕಿನ ಮೇಲೆ ನಿಂತಿದೆ!

ಗೋದಾಮಿನಲ್ಲಿ ವರ್ಷಗಟ್ಟಲೆ ಇದ್ದ ಡ್ರೈವ್‌ಗಳಲ್ಲಿ ಈ ಪ್ಲಗ್ ಕಳೆದುಹೋಗಿರುವುದು ತುಂಬಾ ಸಾಮಾನ್ಯ. ಇಲ್ಲವೇ ಎರಡು ಬೇರೆ ಬೇರೆ ಯಂತ್ರಗಳಿಂದ ತಂದ ಡ್ರೈವ್‌ಗಳೆರಡರಲ್ಲೂ 0 ಇರುತ್ತದೆ. ಸರಿಯಾದ ಪ್ಲಗ್ ಇದ್ದೂ ಒಳಗಿನ ಸ್ವಿಚ್‌ನಲ್ಲಿ ಧೂಳು, ಕಿಲುಬು ಕೂತು 1 ಹಾಕಿದರೆ 0 ಅಂತ ಓದುವುದೂ ಉಂಟು. ಪ್ಲಗ್ಗನ್ನು ಹತ್ತಿಪ್ಪತ್ತು ಸಲ ಒಳಗೆ ಹೊರಗೆ ಮಾಡಿ. ಸಂಪರ್ಕ ತಾನಾಗಿ ಉಜ್ಜಿ ಸರಿಯಾಗುವ ಸಾಧ್ಯತೆ ಇದೆ. ಆಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್.

ಕೇಬಲ್ ಕಂಟ್ರೋಲರ್‌ನಿಂದ ಮೊದಲ ಡ್ರೈವಿಗೆ, ಅಲ್ಲಿಂದ ಮುಂದಿನದಕ್ಕೆ, ಹೀಗೆ ಸರಪಳಿಯಂತೆ ಹೋಗುತ್ತದೆ. ಕೊನೆಯ ಡ್ರೈವಿನ ಖಾಲಿ ಕನೆಕ್ಟರ್‌ನಲ್ಲಿ ಟರ್ಮಿನೇಟರ್ (ಸಿಗ್ನಲ್ ಸಾಲಿನ ತುದಿಗೆ ಹಾಕುವ ಪ್ಲಗ್) ಇರಲೇಬೇಕು. ಸರಪಳಿಯಲ್ಲಿ ಎಷ್ಟನೆಯದು ಅನ್ನುವುದಕ್ಕೂ ಡ್ರೈವ್ ನಂಬರಿಗೂ ಸಂಬಂಧವಿಲ್ಲ. ನಂಬರ್ ಹೇಳುವುದು ಪ್ಲಗ್ ಒಂದೇ. ಫಾಲ್ಟ್ ದೀಪ ಬಿಡದೆ ಉರಿಯುತ್ತಿದ್ದರೆ ಡ್ರೈವ್ ಸತ್ತಿದೆ ಅಂತ ತೀರ್ಮಾನ ಮಾಡಬೇಡಿ. ಈ ಡ್ರೈವ್‌ಗೆ ಕ್ಲಾಕ್ ಸಿಗ್ನಲ್ ಕಂಟ್ರೋಲರ್‌ನಿಂದಲೇ ಬರಬೇಕು. ಕೇಬಲ್ ಸಡಿಲವಾಗಿದ್ದರೂ, ಟರ್ಮಿನೇಟರ್ ಇಲ್ಲದಿದ್ದರೂ, ಯಂತ್ರವನ್ನೇ ಆನ್ ಮಾಡದಿದ್ದರೂ ಫಾಲ್ಟ್ ಉರಿಯುತ್ತದೆ.

ಈಗಲೇ ಲೋಡ್ ಗುಂಡಿ ಒತ್ತಬೇಡಿ. ಗುರುತು ಕೇಳಲು ಪ್ಯಾಕ್ (ಡ್ರೈವಿಗೆ ಹಾಕಿ ತೆಗೆಯುವ ಡಿಸ್ಕ್) ತಿರುಗಬೇಕಾಗಿಲ್ಲ, ಓದಿ ಬರೆಯುವ ಹೆಡ್ ಹೊರಗೆ ಬರಬೇಕಾಗಿಲ್ಲ. ಹಳೆಯ ಫೋಮ್ ಪುಡಿಯಾಗಿ ಗಾಳಿಯ ದಾರಿಯಲ್ಲಿ ಬಿದ್ದಿರುವ ಡ್ರೈವನ್ನು ಸುಮ್ನೆ ತಿರುಗಿಸಿದರೆ ಹೆಡ್ ಮತ್ತು ಪ್ಯಾಕ್ ಎರಡೂ ಹೋಗುತ್ತವೆ, ಮತ್ತೆ ಸಿಗುವುದಿಲ್ಲ. ಗುರುತಿನ ಕೆಲಸ ಮುಗಿಸಿ, ಒಳಗೆಲ್ಲ ಸ್ವಚ್ಛ ಮಾಡಿ, ಆಮೇಲೆ ತಿರುಗಿಸಿ.

ಹೆಜ್ಜೆ 3: ಕಂಟ್ರೋಲರ್ ಇದೆಯಾ ಅಂತ ಕೇಳಿ

ಕ್ಯೂ-ಬಸ್ ಯಂತ್ರವನ್ನು ಹಾಲ್ಟ್ ಮಾಡಿದರೆ ಓಡಿಟಿ (ಕನ್ಸೋಲ್‌ನಿಂದಲೇ ಮೆಮೊರಿ, ರಿಜಿಸ್ಟರ್‌ಗಳನ್ನು ನೋಡಿ ಬದಲಿಸುವ ಸೌಲಭ್ಯ) ಸಿಗುತ್ತದೆ, ಅದೇ ಆ @ ಚಿಹ್ನೆ. ಆರ್‌ಎಲ್ ಕಂಟ್ರೋಲರ್‌ನ ರೂಢಿಯ ವಿಳಾಸ 774400, ವೆಕ್ಟರ್ (ಇಂಟರಪ್ಟ್ ಬಂದಾಗ ಪ್ರೊಸೆಸರ್ ನೋಡುವ ಜಾಗ) 160, ಎರಡೂ ಆಕ್ಟಲ್‌ನಲ್ಲಿ, ಅಂದರೆ ಎಂಟರ ಲೆಕ್ಕದಲ್ಲಿ. ವಿಳಾಸವನ್ನು ಟೈಪ್ ಮಾಡುವ ರೀತಿ ಯಂತ್ರದ ಮೇಲೆ ಹೋಗುತ್ತದೆ. ಪಿಡಿಪಿ-11/03ರಲ್ಲಿ 174400, 11/23ರಲ್ಲಿ 774400, 11/73ರಲ್ಲಿ 17774400. ಮೂರೂ ಒಂದೇ ಜಾಗ. ವಿಳಾಸ ಬರೆದು / ಒತ್ತಿ. ಒಂದು ಸಂಖ್ಯೆ ಬಂದರೆ ಅಲ್ಲಿ ಯಾರೋ ಇದ್ದಾರೆ. ಪ್ರಶ್ನೆ ಚಿಹ್ನೆ ಬಂದರೆ ಆ ವಿಳಾಸದಲ್ಲಿ ಯಾರೂ ಇಲ್ಲ. ಆಗ ಡ್ರೈವ್ ಕಡೆ ತಿರುಗಿ ನೋಡುವ ಅಗತ್ಯವೇ ಇಲ್ಲ. ಕಾರ್ಡಿನ ವಿಳಾಸ ಜಂಪರ್, ಸ್ಲಾಟ್, ಕಾರ್ಡ್ ಪೂರ್ತಿ ಕೂತಿದೆಯಾ, ಇಷ್ಟನ್ನು ನೋಡಿ. ಓಡಿಟಿ ಇಲ್ಲದ ಹಳೆಯ ಯೂನಿಬಸ್ ಯಂತ್ರದಲ್ಲಿ ಮುಂಭಾಗದ ಸ್ವಿಚ್‌ಗಳಿಂದ ಇದೇ ಕೆಲಸ ಮಾಡಬಹುದು. ವಿಳಾಸ ಹಾಕಿ, ಎಗ್ಸಾಮಿನ್ ಒತ್ತಿ, ದೀಪಗಳನ್ನು ಓದಿ.

ಹೆಜ್ಜೆ 4: ಡ್ರೈವನ್ನೇ ಕೇಳಿ

ನನಗೆ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಆರ್‌ಎಲ್ ಕುಟುಂಬ ಆ ಕಾಲಕ್ಕೆ ಅಪರೂಪ, ಕೇಳಿದರೆ ಒಂದಿಷ್ಟು ಹೇಳುತ್ತದೆ. ಗೆಟ್ ಸ್ಟೇಟಸ್ ಅನ್ನುವ ಆಜ್ಞೆ ಇದೆ. ಯಾವ ಸಾಫ್ಟ್‌ವೇರೂ ಬೇಡ, ಕೈಯಿಂದಲೇ ಕೊಡಬಹುದು. ಡ್ರೈವ್ 0ಕ್ಕೆ ಹೀಗೆ ಮಾಡಿ.

774404 ತೆರೆದು 13 ಬರೆಯಿರಿ. ಇದು ಹಳೆಯ ತಪ್ಪುಗಳನ್ನು ಅಳಿಸಿ ನಿನ್ನ ಸ್ಥಿತಿ ಹೇಳು ಅನ್ನುವ ಸೂಚನೆ.
774400 ತೆರೆದು 4 ಬರೆಯಿರಿ. ಆಜ್ಞೆ ಹೊರಡುತ್ತದೆ.
774400 ಅನ್ನು ಮತ್ತೆ ತೆರೆದು ಓದಿ.
ಕೊನೆಗೆ 774406 ತೆರೆದು ಓದಿ. ಡ್ರೈವಿನ ಉತ್ತರ ಇಲ್ಲಿರುತ್ತದೆ.

ಡ್ರೈವ್ 1ಕ್ಕೆ ಎರಡನೆಯ ಸಾಲಿನಲ್ಲಿ 4ರ ಬದಲು 404, ಡ್ರೈವ್ 2ಕ್ಕೆ 1004, ಡ್ರೈವ್ 3ಕ್ಕೆ 1404. ಪ್ರತಿ ಸಲ 13 ಬರೆಯುವುದನ್ನು ಮರೆಯಬೇಡಿ.

ಮೂರನೆಯ ಸಾಲಿನಲ್ಲಿ 204 ಬಂದರೆ ಕಂಟ್ರೋಲರ್ ಕೆಲಸ ಮುಗಿಸಿದೆ, ದೂರೇನೂ ಇಲ್ಲ. ಪ್ಯಾಕ್ ತಿರುಗಿ ಸಿದ್ಧವಾಗಿರುವ ಡ್ರೈವ್ ಆದರೆ 205. 102204ರ ಥರದ್ದು ಬಂದರೆ, ಅಂದರೆ ಎಲ್ಲಕ್ಕಿಂತ ಮೇಲಿನ ಬಿಟ್ ಮತ್ತು 2000ದ ಬಿಟ್ ಹೊತ್ತಿದ್ದರೆ, ಕಂಟ್ರೋಲರ್ ಕೂಗಿತು, ಆ ನಂಬರಿನಲ್ಲಿ ಯಾರೂ ಓಗೊಡಲಿಲ್ಲ ಅಂತ ಅರ್ಥ. ಆಗ ಉಳಿದ ಮೂರು ನಂಬರ್‌ಗಳನ್ನೂ ಕೂಗಿ ನೋಡಿ. ಪ್ಲಗ್ ಮೇಲೆ 0 ಇದ್ದು ಉತ್ತರ 2ರಲ್ಲಿ ಬಂದರೆ ಸ್ವಿಚ್ ಸಂಪರ್ಕದ್ದೇ ತೊಂದರೆ. ಎಲ್ಲೂ ಉತ್ತರ ಇಲ್ಲದಿದ್ದರೆ ಮತ್ತೆ ಕೇಬಲ್ ಹತ್ತಿರ ಹೋಗಿ.

ಈಗ 774406ರ ಸಂಖ್ಯೆ. ಇದನ್ನು ಅಂಕೆ ಅಂಕೆಯಾಗಿ ಬಲಗಡೆಯಿಂದ ಓದಿ. ಕೊನೆಯ ಅಂಕೆ ಡ್ರೈವ್ ಈಗ ಏನು ಮಾಡುತ್ತಿದೆ ಅನ್ನುವುದು: 0 ಅಂದರೆ ಸುಮ್ನೆ ಕಾಯುತ್ತಿದೆ, 1 ಅಂದರೆ ವೇಗ ಹಿಡಿಯುತ್ತಿದೆ, 5 ಅಂದರೆ ಹೆಡ್ ಟ್ರ್ಯಾಕ್ ಹಿಡಿದು ನಿಂತಿದೆ, 7 ಅಂದರೆ ನಿಲ್ಲುತ್ತಿದೆ. ಬಲದಿಂದ ಎರಡನೆಯ ಅಂಕೆಯಲ್ಲಿ ಹೆಡ್ ಹೊರಗಿದೆಯಾ, ಮುಚ್ಚಳ ತೆರೆದಿದೆಯಾ ಅನ್ನುವ ಸಂಗತಿಗಳು. ನಮಗೆ ಬೇಕಾದ್ದು ಮೂರನೆಯ ಅಂಕೆ. ಅದು 0 ಅಥವಾ 1 ಆದರೆ ಡ್ರೈವ್ ತಾನು ಆರ್‌ಎಲ್01 ಅನ್ನುತ್ತಿದೆ. 2 ಅಥವಾ 3 ಆದರೆ ಆರ್‌ಎಲ್02. 4 ಅಥವಾ ಅದಕ್ಕಿಂತ ಜಾಸ್ತಿ ಆದರೆ ಡ್ರೈವ್ ಸೆಲೆಕ್ಟ್ ಎರರ್, ಅಂದರೆ ಒಂದೇ ನಂಬರಿಗೆ ಒಂದಕ್ಕಿಂತ ಹೆಚ್ಚು ಡ್ರೈವ್‌ಗಳು ಓಗೊಟ್ಟಿವೆ. ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರು ಮಕ್ಕಳು ಒಟ್ಟಿಗೆ ಎದ್ದು ನಿಂತ ಹಾಗೆ.

ನಿಂತಿರುವ ಆರೋಗ್ಯವಂತ ಆರ್‌ಎಲ್02 ನಿಮಗೆ 210 ಕೊಡುತ್ತದೆ. ತಿರುಗಿ ಸಿದ್ಧವಾದದ್ದು 235, ಇನ್ನೊಂದು ಹೆಡ್ ಆಯ್ಕೆಯಾಗಿದ್ದರೆ 335. ಆರ್‌ಎಲ್01 ಆದರೆ 35. 13ರ ಬದಲು 3 ಬರೆದು ಕೇಳಿದ್ದರೆ, ಈಗಷ್ಟೇ ಪ್ಯಾಕ್ ಏರಿಸಿದ ಡ್ರೈವ್ 1235 ತೋರಿಸಬಹುದು. ಆ 1000 ಹೊಸ ಪ್ಯಾಕ್ ಬಂದಿದೆ ಅನ್ನುವ ಸೂಚನೆ, ತಪ್ಪಲ್ಲ. 235 ಅನ್ನುವ ಮೂರಂಕಿ ಕಂಡಾಗ ಆಗುವ ಸಂತೋಷ ಬೇರೆಯದೇ. ನಲವತ್ತು ವರ್ಷ ಹಳೆಯ ಯಂತ್ರ ನೇರವಾಗಿ ನಿಮಗೇ ಉತ್ತರ ಕೊಟ್ಟಿರುತ್ತದೆ.

ಡ್ರೈವ್ 02 ಅಂದರೂ ಒಳಗಿನ ಪ್ಯಾಕ್ 01ರದ್ದಾಗಿರಬಹುದು, ಅದನ್ನೂ ನೋಡಿ. ಎರಡೂ ಹೊರಗಿನಿಂದ ಒಂದೇ ಥರ. ಆದರೆ ಆರ್‌ಎಲ್01ರಲ್ಲಿ 256 ಸಿಲಿಂಡರ್, 5.2 ಎಂಬಿ. ಆರ್‌ಎಲ್02ರಲ್ಲಿ 512 ಸಿಲಿಂಡರ್, 10.4 ಎಂಬಿ. ಹೆಡ್‌ಗೆ ದಾರಿ ತೋರಿಸುವ ಸರ್ವೊ ಗುರುತುಗಳು ಪ್ಯಾಕ್ ಮೇಲೆಯೇ ಕಾರ್ಖಾನೆಯಲ್ಲಿ ಬರೆದಿರುತ್ತವೆ, ಹಾಗಾಗಿ ಒಂದರ ಪ್ಯಾಕ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಲೇಬಲ್ ಓದಿ. ಮತ್ತೆ, ಈ ಪ್ಯಾಕ್‌ಗಳನ್ನು ಅಯಸ್ಕಾಂತದಿಂದ ಪೂರ್ತಿ ಅಳಿಸಿಬಿಟ್ಟರೆ ಆ ಗುರುತುಗಳೂ ಹೋಗುತ್ತವೆ, ನಮ್ಮ ಡ್ರೈವ್‌ನಲ್ಲಿ ಮತ್ತೆ ಬರೆಯಲು ಆಗುವುದಿಲ್ಲ.

ಕೈಯಲ್ಲಿ ಯಂತ್ರ ಇಲ್ಲದವರು ಸಿಮ್‌ಎಚ್ ಎಮ್ಯುಲೇಟರ್‌ನಲ್ಲಿ ಪಿಡಿಪಿ-11 ತೆರೆದು ಇದೇ ವಿಳಾಸಗಳನ್ನು ಅಭ್ಯಾಸ ಮಾಡಬಹುದು.

ಹೆಜ್ಜೆ 5: ಆರ್‌ಕ್ಯೂಡಿಎಕ್ಸ್3 ಮತ್ತು ಮೂಕ ಡ್ರೈವ್‌ಗಳು

1985ರಲ್ಲಿ ಬಂದ ಮೈಕ್ರೊವ್ಯಾಕ್ಸ್ 2 ಮತ್ತು ಅದೇ ಪೆಟ್ಟಿಗೆಯ ಪಿಡಿಪಿ-11ಗಳಲ್ಲಿ ಆರ್‌ಡಿ ಸರಣಿಯ ಡ್ರೈವ್‌ಗಳಿರುತ್ತವೆ. ಇವೆಲ್ಲ ಮಾರುಕಟ್ಟೆಯ ಡ್ರೈವ್‌ಗಳೇ, ಹೆಸರು ಬೇರೆ ಅಷ್ಟೇ. ಆರ್‌ಡಿ31 ಅಂದರೆ ಸೀಗೇಟ್ ಎಸ್‌ಟಿ-225, ಆರ್‌ಡಿ53 ಅಂದರೆ ಮೈಕ್ರೊಪೊಲಿಸ್ 1325, 71 ಎಂಬಿ. ಆರ್‌ಡಿ54 ಅಂದರೆ ಮ್ಯಾಕ್ಸ್‌ಟರ್ ಎಕ್ಸ್‌ಟಿ-2190, 159 ಎಂಬಿ. ಇವು ಪೂರ್ತಿ ಮೂಕ. ನೀನು ಎಷ್ಟು ದೊಡ್ಡವನು ಅಂತ ಕೇಳಲು ಆ ಕೇಬಲ್‌ನಲ್ಲಿ ದಾರಿಯೇ ಇಲ್ಲ. ಫಾರ್ಮ್ಯಾಟ್ ಮಾಡುವಾಗ ಡಿಸ್ಕಿನ ಮೇಲೆಯೇ ಬರೆದಿಟ್ಟ ವಿವರವನ್ನು ಕಂಟ್ರೋಲರ್ ಓದಿಕೊಂಡು ಇದು ಇಂಥದ್ದು ಅನ್ನುತ್ತದೆ. ಅದಕ್ಕೇ ಪಿಸಿಯಲ್ಲಿ ಬಳಸಿದ ಅದೇ ಮಾದರಿಯ ಡ್ರೈವ್ ತಂದು ಹಾಕಿದರೆ ಗುರುತೇ ಸಿಗುವುದಿಲ್ಲ. ಆರ್‌ಕ್ಯೂಡಿಎಕ್ಸ್1 ಅಥವಾ 2ರಲ್ಲಿ ಫಾರ್ಮ್ಯಾಟ್ ಆದದ್ದನ್ನು 3ಕ್ಕೆ ಹಾಕಿದರೂ ಅದೇ ಗತಿ. ಹಳೆಯ ಡೇಟಾ ಬೇಕಿದ್ದರೆ ಮತ್ತೆ ಫಾರ್ಮ್ಯಾಟ್ ಮಾಡುವ ಮೊದಲು ಹಳೆಯ ಕಂಟ್ರೋಲರ್ ಹುಡುಕಿ. ಇದನ್ನು ಎರಡು ಸಲ ಓದಿಕೊಳ್ಳಿ, ಯಾಕೆಂದರೆ ಕಳೆದುಹೋದದ್ದು ವಾಪಸ್ ಬರುವುದಿಲ್ಲ.

ಮೈಕ್ರೊಪೊಲಿಸ್ 1325ಗೆ ಇನ್ನೊಂದು ಗುಟ್ಟಿದೆ. ಅದರ ಬೋರ್ಡಿನಲ್ಲಿ ಆರ್7 ಅನ್ನುವ ಜಾಗದಲ್ಲಿ ಜಂಪರ್ ಹಾಕಿದರೆ ಮಾತ್ರ ಅದು ಆರ್‌ಡಿ53. ಇಲ್ಲದಿದ್ದರೆ ಕಂಟ್ರೋಲರ್ ಒಪ್ಪುವುದಿಲ್ಲ. ಇದೇ ಡ್ರೈವ್‌ನಲ್ಲಿ ಒಳಗಿನ ರಬ್ಬರ್ ತಡೆ ವಯಸ್ಸಾಗಿ ಅಂಟಂಟಾಗಿ, ಹೆಡ್‌ನ ತೋಳು ಅದಕ್ಕೆ ಅಂಟಿಕೊಳ್ಳುವುದೂ ಇದೆ. ತಿರುಗುವ ಸದ್ದು ಬರುತ್ತದೆ, ಸಿದ್ಧ ಮಾತ್ರ ಆಗುವುದಿಲ್ಲ.

ಬಿಎ23 ಪೆಟ್ಟಿಗೆಯಲ್ಲಿ ಮೊದಲ ಹಾರ್ಡ್ ಡಿಸ್ಕಿಗೆ ಡಿಎಸ್3 ಜಂಪರ್, ಎರಡನೆಯದಕ್ಕೆ ಡಿಎಸ್4. ಆರ್‌ಎಕ್ಸ್50 ಫ್ಲಾಪಿ ಒಂದೇ ಪೆಟ್ಟಿಗೆಯಾದರೂ ಎರಡು ನಂಬರ್ ತೆಗೆದುಕೊಳ್ಳುತ್ತದೆ, ಆದ್ದರಿಂದ ಹಾರ್ಡ್ ಡಿಸ್ಕ್ ಸೇರಿಸಿದಾಗ ಫ್ಲಾಪಿಯ ನಂಬರ್ ಮುಂದಕ್ಕೆ ಸರಿಯುತ್ತದೆ. ನಿನ್ನೆ 1 ಇದ್ದದ್ದು ಇವತ್ತು 2 ಆಯಿತು ಅಂತ ಗಾಬರಿಯಾಗಬೇಡಿ. ಮುಂಭಾಗದಲ್ಲಿ ರೆಡಿ ಮತ್ತು ರೈಟ್ ಪ್ರೊಟೆಕ್ಟ್ ಗುಂಡಿಗಳೂ ಇವೆ. ಒರೆಸುವಾಗ ಬಟ್ಟೆ ತಾಗಿ ರೆಡಿ ಗುಂಡಿ ಒತ್ತಿಹೋದರೆ ಡಿಸ್ಕ್ ಆಫ್‌ಲೈನ್. ಎಲ್ಲಕ್ಕಿಂತ ಮೊದಲು ಅದನ್ನು ನೋಡಿ.

ಆರ್‌ಕ್ಯೂಡಿಎಕ್ಸ್3ರಂಥ ಎಂಎಸ್‌ಸಿಪಿ (ಡಿಸ್ಕ್ ಜೊತೆ ಮಾತಾಡಲು ಡಿಇಸಿ ಮಾಡಿದ ನಿಯಮ) ಕಂಟ್ರೋಲರ್‌ಗಳ ಮೊದಲ ವಿಳಾಸ 772150. ಅಲ್ಲಿ 1 ಬರೆದು 772152 ಓದಿ. 4000ದ ಬಿಟ್ ಹೊತ್ತಿದ್ದರೆ ಕಂಟ್ರೋಲರ್ ಬದುಕಿದೆ, ಮೇಲಿನ 100000 ಹೊತ್ತಿದ್ದರೆ ತನ್ನಲ್ಲೇ ತಪ್ಪಿದೆ ಅನ್ನುತ್ತಿದೆ. ಎರಡನೆಯ ಕಂಟ್ರೋಲರ್‌ಗೆ ತೇಲುವ ವಿಳಾಸ, ಅಂದರೆ ಯಂತ್ರದಲ್ಲಿರುವ ಬೇರೆ ಸಾಧನಗಳನ್ನು ನೋಡಿ ನಿರ್ಧಾರವಾಗುವುದು. ಆ ಗುಂಪಿನ ಬೇರೆ ಸಾಧನಗಳು ಇಲ್ಲದಿದ್ದರೆ 760334.

ದೊಡ್ಡ ಆರ್‌ಎ81 ಡ್ರೈವ್ ಇರುವವರಿಗೆ ಒಂದೇ ಮಾತು: ಯೂನಿಟ್ ಪ್ಲಗ್ ಜೊತೆಗೆ ಎ ಮತ್ತು ಬಿ ಅನ್ನುವ ಪೋರ್ಟ್ ಗುಂಡಿಗಳನ್ನು ನೋಡಿ. ಕೇಬಲ್ ಹಾಕಿದ ಪೋರ್ಟಿನ ಗುಂಡಿ ಒಳಗೆ ಇಲ್ಲದಿದ್ದರೆ ಕಂಟ್ರೋಲರ್‌ಗೆ ಡ್ರೈವ್ ಕಾಣುವುದಿಲ್ಲ.

ಹೆಜ್ಜೆ 6: ಆಪರೇಟಿಂಗ್ ಸಿಸ್ಟಂ ಕೊಡುವ ಹೆಸರು

ಪಿಡಿಪಿ-11ರ ಆಪರೇಟಿಂಗ್ ಸಿಸ್ಟಂ ಆರ್‌ಟಿ-11ರಲ್ಲಿ ಆರ್‌ಎಲ್ ಡ್ರೈವ್‌ಗಳು ಡಿಎಲ್, ಎಂಎಸ್‌ಸಿಪಿಯವು ಡಿಯು. ಕಂಟ್ರೋಲರ್ ರೂಢಿಯ ವಿಳಾಸದಲ್ಲಿ ಇಲ್ಲದಿದ್ದರೆ ಹ್ಯಾಂಡ್ಲರ್ (ಡ್ರೈವ್ ನಡೆಸುವ ಪ್ರೋಗ್ರಾಂ) ಇನ್‌ಸ್ಟಾಲ್ ಆಗುವುದೇ ಇಲ್ಲ, ಸೆಟ್ ಆಜ್ಞೆಯಲ್ಲಿ ಸಿಎಸ್‌ಆರ್ (ಕಂಟ್ರೋಲರ್‌ನ ವಿಳಾಸ) ಮತ್ತು ವೆಕ್ಟರ್ ಹೇಳಿಕೊಡಬೇಕು. ಇನ್ನು ಡಿಯು0 ಅನ್ನುವುದು ನಿಜವಾದ ಡ್ರೈವ್ 0 ಆಗಿರಲೇಬೇಕು ಅಂತ ಇಲ್ಲ. ಆರ್‌ಟಿ-11ಗೆ ಒಂದು ಸಾಧನದಲ್ಲಿ 65,535 ಬ್ಲಾಕ್, ಅಂದರೆ ಸುಮಾರು 32 ಎಂಬಿ ಮಾತ್ರ ಕಾಣುತ್ತದೆ. ದೊಡ್ಡ ಡಿಸ್ಕನ್ನು ಭಾಗ ಮಾಡಿ ಡಿಯು0, ಡಿಯು1, ಡಿಯು2 ಅಂತ ಹೆಸರಿಡುತ್ತಾರೆ. 159 ಎಂಬಿ ಡಿಸ್ಕ್ 32 ಅಂತ ಕಂಡರೆ ಅದು ಕೆಟ್ಟಿಲ್ಲ. ಡಿಯು ಸಾಧನದ ಮೇಲೆ ಶೋ ಡಿವೈಸ್ ಕೊಟ್ಟರೆ ಯಾವ ಹೆಸರು ಯಾವ ಯೂನಿಟ್, ಯಾವ ಪೋರ್ಟ್, ಯಾವ ಭಾಗಕ್ಕೆ ಹೋಗುತ್ತದೆ ಅಂತ ಪಟ್ಟಿ ಸಿಗುತ್ತದೆ.

ವ್ಯಾಕ್ಸ್‌ಗಳ ಆಪರೇಟಿಂಗ್ ಸಿಸ್ಟಂ ವಿಎಂಎಸ್‌ನಲ್ಲಿ ಡಿಯುಎ0, ಡಿಯುಬಿ0 ಅನ್ನುವಾಗ ಮೂರನೆಯ ಅಕ್ಷರ ಕಂಟ್ರೋಲರ್. ಪಟ್ಟಿಯಲ್ಲಿ ಇಲ್ಲದಿದ್ದರೆ ಸಿಸ್‌ಜೆನ್ ಪ್ರೋಗ್ರಾಂನಲ್ಲಿ ಆಟೊಕಾನ್ಫಿಗರ್ ಕೊಡಿ. ಡಿಸ್ಕ್ ಕಾಣುತ್ತದೆ, ಒಳಗಿನ ಲೇಬಲ್ ಮಾತ್ರ ಗೊತ್ತಿಲ್ಲ ಅಂದರೆ ಮೌಂಟ್ ಆಜ್ಞೆಗೆ ಓವರ್‌ರೈಡ್ ಐಡೆಂಟಿಫಿಕೇಶನ್ ಸೇರಿಸಿ. ಜೊತೆಗೆ ಬರೆಯದಂತೆ ತಡೆಯುವ ನೋರೈಟ್ ಖಂಡಿತ ಸೇರಿಸಿ. ಯಾರದೋ ಹದಿನೈದು ವರ್ಷದ ಕೆಲಸ ಅದರಲ್ಲಿರಬಹುದು. ಗುರುತು ಸಿಗುತ್ತಿಲ್ಲ ಅಂತ ಡಿಸ್ಕಿನಲ್ಲಿದ್ದದ್ದನ್ನು ಕಳೆಯುವ ಇನಿಶಿಯಲೈಸ್ ಕೊಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹೆಜ್ಜೆ 7: ಸ್ಕಸಿ ಇರುವ ವ್ಯಾಕ್ಸ್‌ಗಳು

ಸ್ಕಸಿ ಅಂದರೆ ಹಲವು ಸಾಧನಗಳನ್ನು ಒಂದೇ ಕೇಬಲ್‌ನಲ್ಲಿ ಜೋಡಿಸುವ ಒಂದು ವ್ಯವಸ್ಥೆ. ಮೈಕ್ರೊವ್ಯಾಕ್ಸ್ 3100, ವ್ಯಾಕ್ಸ್‌ಸ್ಟೇಷನ್ 3100 ಇರುವವರಿಗೆ ಕೆಲಸ ಹಗುರ. ಕನ್ಸೋಲ್‌ನಲ್ಲಿ >>> ಚಿಹ್ನೆ ಕಂಡಾಗ ಶೋ ಡಿವೈಸ್ ಕೊಟ್ಟರೆ ಡಿಸ್ಕ್ ತಾನೇ ಹೆಸರು ಹೇಳುತ್ತದೆ. ಡಿಕೆಎ300 ಅಂದರೆ ಸ್ಕಸಿ ನಂಬರ್ 3, ನೂರರಿಂದ ಗುಣಿಸಿದ್ದು. ವ್ಯಾಕ್ಸ್‌ಸ್ಟೇಷನ್ 3100ರಲ್ಲಿ ಕಂಟ್ರೋಲರ್ ತನಗೆ 6 ಇಟ್ಟುಕೊಂಡಿರುತ್ತದೆ. ಪಿಸಿಯ ರೂಢಿಯಂತೆ 7 ಮಾತ್ರ ಬಿಟ್ಟು ಡಿಸ್ಕಿಗೆ 6 ಕೊಟ್ಟರೆ ಡಿಕ್ಕಿ. ಪಟ್ಟಿಯಲ್ಲಿ ಏನೂ ಬರದಿದ್ದರೆ ಟರ್ಮಿನೇಟರ್ ನೋಡಿ. ಡ್ರೈವ್ ತಿರುಗುತ್ತಲೇ ಇಲ್ಲ ಅಂದರೆ ಆಜ್ಞೆ ಬಂದ ಮೇಲೆ ತಿರುಗು ಅನ್ನುವ ಜಂಪರ್ ಇರಬಹುದು. ಸಿಡಿ ಡ್ರೈವ್ ಆದರೆ 512 ಬೈಟ್ ಬ್ಲಾಕ್ ಕೊಡುವಂಥದ್ದೇ ಬೇಕು.

ವ್ಯಾಕ್ಸ್‌ಸ್ಟೇಷನ್ 3100ರಲ್ಲಿ ಸಿಸ್ಟಂ ಡಿಸ್ಕ್ 1.073 ಜಿಬಿಗಿಂತ ದೊಡ್ಡದಾಗಿರಬಾರದು. ಅದರ ಫರ್ಮ್‌ವೇರ್ ಬಳಸುವ ಚಿಕ್ಕ ಸ್ಕಸಿ ಆಜ್ಞೆಯಲ್ಲಿ ಬ್ಲಾಕ್ ನಂಬರಿಗೆ 21 ಬಿಟ್ ಮಾತ್ರ ಜಾಗ. ದೊಡ್ಡ ಡಿಸ್ಕ್ ಹಾಕಿದರೂ ಗುರುತು ಸರಿಯಾಗಿಯೇ ಬರುತ್ತದೆ, ಬೂಟೂ ಆಗುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ಒಂದು ದಿನ ಸಿಸ್ಟಂ ಕ್ರ್ಯಾಶ್ ಆಗಿ ಡಂಪ್ (ಆ ಹೊತ್ತಿನ ಮೆಮೊರಿಯ ನಕಲು) ಬರೆಯುವಾಗ ಆ ಫೈಲ್ ಗಡಿಯಾಚೆ ಇದ್ದರೆ, ಲೆಕ್ಕ ಸುತ್ತಿಕೊಂಡು ಬಂದು ಡಿಸ್ಕಿನ ಆರಂಭದ ಬ್ಲಾಕ್‌ಗಳ ಮೇಲೆಯೇ ಬರೆಯುತ್ತದೆ. ಚಿಕ್ಕ ಡಿಸ್ಕಿನಿಂದ ಬೂಟ್ ಮಾಡಿ, ದೊಡ್ಡದನ್ನು ಡೇಟಾಕ್ಕೆ ಇಟ್ಟುಕೊಳ್ಳಿ.